ಸಂಚಿನ ಕಥೆಯನ್ನು ಪರೀಕ್ಷಿಸುವುದು ಹೇಗೆ? ಹಾಸನದ ಹೃದಯಾಘಾತದ ಉದಾಹರಣೆಯೊಂದಿಗೆ

"ನಮ್ಮ ಗ್ರೂಪ್‌ನಲ್ಲಿ ಇಂಥದ್ದೊಂದು ಬಂದಿದೆ, ನಿಜಾನಾ?" ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಲಸಿಕೆಯಿಂದ ಹಾರ್ಟ್ ಅಟ್ಯಾಕ್, ನೋಟಿನೊಳಗೆ ಚಿಪ್, 5ಜಿ ಟವರಿನಿಂದ ಕೊರೊನಾ, ಚಂದ್ರನ ಮೇಲೆ ಯಾರೂ ಇಳಿದೇ ಇಲ್ಲ. ವಿಷಯ ಬದಲಾಗುತ್ತದೆ, ಕಥೆಯ ಧಾಟಿ ಬದಲಾಗುವುದಿಲ್ಲ. ಒಂದೊಂದಕ್ಕೂ ಉತ್ತರ ಬರೆಯುತ್ತಾ ಹೋದರೆ ಮುಗಿಯುವುದಿಲ್ಲ. ಅದಕ್ಕೇ ಯಾವ ಮೆಸೇಜ್ ಬಂದರೂ ನೀವೇ ಪರೀಕ್ಷಿಸಿ ನೋಡುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಸಂಚಿನ ಸಿದ್ಧಾಂತ (ಪಿತೂರಿ ಸಿದ್ಧಾಂತ ಅಂತಲೂ ಹೇಳುತ್ತಾರೆ) ಅಂದರೆ, ಒಂದು ಘಟನೆಯ ಹಿಂದೆ ಕೆಲವು ಬಲಿಷ್ಠರು ಸೇರಿ ಗುಟ್ಟಾಗಿ ಕೆಟ್ಟ ಉದ್ದೇಶದಿಂದ ಕೆಲಸ ಮಾಡಿದ್ದಾರೆ ಎಂಬ ನಂಬಿಕೆ. ಸುಳ್ಳು ಸುದ್ದಿಗಿಂತ ಇದು ಒಂದು ಹೆಜ್ಜೆ ಮುಂದೆ. ಸುಳ್ಳು ಸುದ್ದಿ ಏನಾಯಿತು ಅಂತ ಮಾತ್ರ ಹೇಳುತ್ತದೆ. ಸಂಚಿನ ಕಥೆ ಯಾರು ಮಾಡಿಸಿದರು, ಯಾಕೆ ಮುಚ್ಚಿಟ್ಟರು ಅಂತಲೂ ಹೇಳುತ್ತದೆ.

ಅನುಮಾನ ಪಡುವುದರಲ್ಲಿ ತಪ್ಪಿಲ್ಲ. ಸರಕಾರ, ಕಂಪನಿ, ಮಾಧ್ಯಮ ಯಾರನ್ನೇ ಆಗಲಿ ಪ್ರಶ್ನಿಸಬೇಕು. ಆದರೆ ಸರಕಾರದ ಮೇಲೆ ಇಡುವ ಅನುಮಾನವನ್ನು ಆ ಮೆಸೇಜ್ ಬರೆದವರ ಮೇಲೂ ಇಡಬೇಕು. ಹೆಚ್ಚಿನವರು ಅರ್ಧ ದಾರಿಯಲ್ಲೇ ಅನುಮಾನ ಪಡುವುದನ್ನು ನಿಲ್ಲಿಸಿಬಿಡುತ್ತಾರೆ. ಕೆಳಗಿನ ಹಂತಗಳೆಲ್ಲ ಆ ಉಳಿದ ಅರ್ಧಕ್ಕೆ.

ಮೊದಲಿಗೆ, ಯಾಕೆ ನಂಬುತ್ತೇವೆ?

ದಡ್ಡರು ನಂಬುತ್ತಾರೆ, ಓದಿದವರು ನಂಬುವುದಿಲ್ಲ ಅನ್ನುವ ಲೆಕ್ಕ ಸರಿಯಲ್ಲ. ಡಾಕ್ಟರು, ಎಂಜಿನಿಯರು, ಮೇಷ್ಟ್ರು ಎಲ್ಲರೂ ಇಂಥದ್ದನ್ನು ಫಾರ್ವರ್ಡ್ ಮಾಡುತ್ತಾರೆ. ಇದಕ್ಕೆ ಕಾರಣ ನಮ್ಮೆಲ್ಲರ ಮನಸ್ಸು ಕೆಲಸ ಮಾಡುವ ರೀತಿಯಲ್ಲೇ ಇದೆ.

ದೊಡ್ಡ ಘಟನೆಗೆ ದೊಡ್ಡ ಕಾರಣವೇ ಇರಬೇಕು ಅಂತ ನಮಗೆ ಅನಿಸುತ್ತದೆ. ಮನಶ್ಶಾಸ್ತ್ರದವರು ಇದನ್ನು ಪ್ರಪೋರ್ಷನಾಲಿಟಿ ಬಯಾಸ್ ಅನ್ನುತ್ತಾರೆ. ಅಂದರೆ, ಪರಿಣಾಮ ಎಷ್ಟು ದೊಡ್ಡದೋ ಕಾರಣವೂ ಅಷ್ಟೇ ದೊಡ್ಡದಿರಬೇಕು ಎಂಬ ಪೂರ್ವಗ್ರಹ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯನ್ನು ಒಬ್ಬ ಸಾಧಾರಣ ಮನುಷ್ಯ ಬಂದೂಕು ಹಿಡಿದು ಕೊಂದ ಎಂಬುದನ್ನು ಅಲ್ಲಿನ ಎಷ್ಟೋ ಜನರಿಗೆ ಇವತ್ತಿಗೂ ನಂಬಲು ಆಗುತ್ತಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ನಮಗೂ ಹಾಗೇ ಆಯಿತು. 46 ವರ್ಷ, ಗಟ್ಟಿಮುಟ್ಟಾದ ದೇಹ, ಇಡೀ ನಾಡು ಪ್ರೀತಿಸಿದ ಮನುಷ್ಯ. "ಹೃದಯಾಘಾತ" ಎಂಬ ಒಂದು ಪದ ಆ ದುಃಖಕ್ಕೆ ಸಾಲಲಿಲ್ಲ. ಬೇರೆ ಇನ್ನೇನೋ ಇರಲೇಬೇಕು ಅನಿಸಿತು. ಆ ಅನಿಸಿಕೆಯಲ್ಲಿ ಪ್ರೀತಿ ಇದೆ, ಪುರಾವೆ ಇಲ್ಲ.

ಇನ್ನೊಂದು ಕಾರಣ ಹಿಡಿತ ತಪ್ಪಿದ ಭಾವನೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪರಿಸ್ಥಿತಿ ತಮ್ಮ ಕೈಲಿಲ್ಲ ಅನಿಸಿದವರಿಗೆ ಅರ್ಥವಿಲ್ಲದ ಚುಕ್ಕೆಗಳಲ್ಲೂ ಚಿತ್ರ ಕಾಣಿಸಿತು, ಸಂಬಂಧವಿಲ್ಲದ ಘಟನೆಗಳಲ್ಲೂ ಸಂಚು ಕಾಣಿಸಿತು. ಲಾಕ್‌ಡೌನ್ ಕಾಲವನ್ನು ನೆನಪಿಸಿಕೊಳ್ಳಿ, ಅರ್ಥವಾಗುತ್ತದೆ. ಕಾಣದ ವೈರಸ್ಸಿಗಿಂತ ಹೆಸರಿರುವ ಶತ್ರು ಎಷ್ಟೋ ವಾಸಿ ಅನಿಸುತ್ತದೆ.

ಒಂದೇ ಮಾತು ಮತ್ತೆ ಮತ್ತೆ ಕಿವಿಗೆ ಬಿದ್ದರೆ ಅದು ನಿಜ ಅನಿಸತೊಡಗುತ್ತದೆ. 1970ರ ದಶಕದಿಂದ ಹಲವು ಪ್ರಯೋಗಗಳು ಇದನ್ನು ತೋರಿಸಿವೆ. ಫ್ಯಾಮಿಲಿ ಗ್ರೂಪ್, ಅಪಾರ್ಟ್‌ಮೆಂಟ್ ಗ್ರೂಪ್, ಹಳೆ ಕ್ಲಾಸ್‌ಮೇಟ್ಸ್ ಗ್ರೂಪ್ ಮೂರರಲ್ಲೂ ಬಂದ ಮೆಸೇಜು ಮೂರು ಸಾಕ್ಷಿಗಳಂತೆ ಕಾಣುತ್ತದೆ. ಮೂಲ ಮಾತ್ರ ಒಂದೇ.

ಇದೆಲ್ಲದರ ಮೇಲೆ, ನಿಜವಾದ ಸಂಚುಗಳೂ ನಡೆದಿವೆ. ಅದನ್ನು ಮರೆತು ಉಪದೇಶ ಮಾಡಲು ಹೋದರೆ ಯಾರೂ ಕಿವಿಗೊಡುವುದಿಲ್ಲ. ಆ ವಿಷಯಕ್ಕೆ ಐದನೇ ಹಂತದಲ್ಲಿ ಬರುತ್ತೇನೆ.

ಏನು ಬೇಕು?

ಒಂದು ಫೋನು, ಒಂದು ಹಾಳೆ, ಪೆನ್ನು, ಸ್ವಲ್ಪ ಸಮಯ. ಸಿಟ್ಟು ಅಥವಾ ಭಯ ಜಾಸ್ತಿ ಇದ್ದರೆ ಅದು ಇಳಿಯುವವರೆಗೆ ಕಾಯಿರಿ. ಪರೀಕ್ಷೆ ಮುಗಿಯುವವರೆಗೆ "ನಿಜವೋ ಸುಳ್ಳೋ ಗೊತ್ತಿಲ್ಲ, ಸುಮ್ನೆ ಕಳಿಸ್ತಿದ್ದೀನಿ" ಅಂತಲೂ ಯಾರಿಗೂ ಕಳಿಸಬೇಡಿ. ಮುಂದಿನವರು ನಿಮ್ಮ ಆ ಸಾಲನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕಳಿಸುತ್ತಾರೆ.

1. ಮೆಸೇಜನ್ನು ಬಿಡಿಸಿ ಬರೆಯಿರಿ

2025ರ ಮೇ–ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಎಂಬ ಸುದ್ದಿ ಬಂತು. ಸತ್ತವರಲ್ಲಿ ಹರೆಯದವರೂ ಇದ್ದರು. ಆಗ ಹರಿದಾಡಿದ ಮೆಸೇಜುಗಳ ಧಾಟಿ ಹೀಗಿತ್ತು ಅಂದುಕೊಳ್ಳಿ: "ಹಾಸನದಲ್ಲಿ ಯುವಕರ ಸರಣಿ ಸಾವು. ಎಲ್ಲರೂ ಲಸಿಕೆ ಹಾಕಿಸಿಕೊಂಡವರು. ಕಂಪನಿಗಳಿಗೆ ಮೊದಲೇ ಗೊತ್ತಿತ್ತು. ಮಾಧ್ಯಮದವರು ತೋರಿಸುವುದಿಲ್ಲ. ಡಿಲೀಟ್ ಆಗುವ ಮೊದಲು ಎಲ್ಲರಿಗೂ ಕಳಿಸಿ."

ಹಾಳೆಯ ಮೇಲೆ ಇದನ್ನು ಮೂರು ಸಾಲು ಮಾಡಿ. ಏನಾಯಿತು: ಜನ ಸತ್ತರು. ಯಾಕಾಯಿತು: ಲಸಿಕೆಯಿಂದ. ಯಾರು ಮಾಡಿಸಿದರು: ಕಂಪನಿಗಳು, ಗೊತ್ತಿದ್ದೂ. ಈಗ ಪ್ರತಿ ಸಾಲಿನ ಮುಂದೆ ಮೆಸೇಜು ಕೊಟ್ಟಿರುವ ಪುರಾವೆ ಬರೆಯಿರಿ. ಸಾಮಾನ್ಯವಾಗಿ ಮೊದಲ ಸಾಲು ನಿಜ ಇರುತ್ತದೆ. ಎರಡನೆಯದಕ್ಕೆ ಪುರಾವೆ ತೆಳು. ಮೂರನೆಯದಕ್ಕೆ ಏನೂ ಇರುವುದಿಲ್ಲ. ಮೊದಲ ಸಾಲಿನ ಬಲದ ಮೇಲೆ ಉಳಿದೆರಡನ್ನೂ ನಾವು ನುಂಗಿಬಿಡುತ್ತೇವೆ.

ಎಚ್ಚರ: "ಮಾಧ್ಯಮದವರು ತೋರಿಸುವುದಿಲ್ಲ" ಅನ್ನುವ ಸಾಲು ಕಂಡರೆ ನಿಮ್ಮ ಮನೆಯ ಟಿವಿ ಹಾಕಿ ನೋಡಿ. ಹಾಸನದ ವಿಷಯವನ್ನು ಆಗ ಕನ್ನಡ ಚಾನೆಲ್ಲುಗಳು ತೋರಿಸುತ್ತಲೇ ಇದ್ದವು.

2. ಮೂಲ ಹುಡುಕಿ

ವಾಟ್ಸಾಪ್ ಮೆಸೇಜಿನ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಅಂತ ಅರ್ಥ. ನಿಮಗೆ ಕಳಿಸಿದವರು ಅದನ್ನು ಬರೆದವರಲ್ಲ. ಅವರ ಮೇಲಿನ ನಂಬಿಕೆಯನ್ನು ಮೆಸೇಜಿಗೆ ದಾಟಿಸಬೇಡಿ.

ಫೋಟೊ ಇದ್ದರೆ ರಿವರ್ಸ್ ಇಮೇಜ್ ಸರ್ಚ್ ಮಾಡಿ. ಪದದ ಬದಲು ಚಿತ್ರವನ್ನೇ ಕೊಟ್ಟು, ಇದು ಈ ಮೊದಲು ಎಲ್ಲೆಲ್ಲಿ ಬಂದಿದೆ ಅಂತ ಹುಡುಕುವ ವಿಧಾನ ಇದು. ಗೂಗಲ್ ಲೆನ್ಸ್ ತೆರೆದು ಚಿತ್ರ ಹಾಕಿದರೆ ಸಾಕು. ವಿಡಿಯೊ ಆದರೆ ಮುಖ, ಬೋರ್ಡು, ಕಟ್ಟಡ ಸ್ಪಷ್ಟ ಕಾಣುವ ಜಾಗದಲ್ಲಿ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಹಾಕಿ. ಎರಡು ಮೂರು ಬೇರೆ ಬೇರೆ ಕ್ಷಣಗಳ ಸ್ಕ್ರೀನ್‌ಶಾಟ್ ಹಾಕಿದರೆ ಇನ್ನೂ ಒಳ್ಳೆಯದು.

2018ರಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿಸಿದ ವಿಡಿಯೊ ನೆನಪಿದೆಯಾ? ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆ ಮಾಡಿದ ವಿಡಿಯೊ. ಕೊನೆಯಲ್ಲಿ ಮಗುವನ್ನು ವಾಪಸ್ ತಂದುಬಿಟ್ಟು ಸಂದೇಶದ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಕತ್ತರಿಸಿ ನಮ್ಮಲ್ಲಿ ಹಂಚಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದು ಇಂಥದ್ದಕ್ಕೇ.

"ಖ್ಯಾತ ವೈದ್ಯರು ಹೇಳಿದ್ದಾರೆ" ಅಂತಿದ್ದರೆ ಆ ಹೆಸರು, ಆಸ್ಪತ್ರೆ ಎರಡನ್ನೂ ಸೇರಿಸಿ ಹುಡುಕಿ. ಹೆಸರೇ ಇಲ್ಲದ ವೈದ್ಯರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಆಲ್ಟ್ ನ್ಯೂಸ್, ಬೂಮ್, ಫ್ಯಾಕ್ಟ್‌ಲಿಯಂಥ ಫ್ಯಾಕ್ಟ್‌ಚೆಕ್ ಜಾಲತಾಣಗಳಲ್ಲೂ ನೋಡಿ. ಫ್ಯಾಕ್ಟ್‌ಚೆಕ್ ಅಂದರೆ ಹೇಳಿಕೆಯೊಂದನ್ನು ಮೂಲ ದಾಖಲೆಯ ಜೊತೆ ಹೋಲಿಸಿ ತಾಳೆ ನೋಡುವುದು. ಅವರ ತೀರ್ಪನ್ನು ಮಾತ್ರ ಓದಿ ಬಿಡಬೇಡಿ, ಅವರು ಯಾವ ದಾಖಲೆ ತೋರಿಸಿದ್ದಾರೆ ಅಂತ ನೋಡಿ. ಪಿಐಬಿ ಫ್ಯಾಕ್ಟ್‌ಚೆಕ್ ಕೇಂದ್ರ ಸರಕಾರದ್ದೇ ವಿಭಾಗ. ಸರಕಾರದ ಯೋಜನೆ, ಆದೇಶದ ಹೆಸರಲ್ಲಿ ಬರುವ ನಕಲಿ ಸುತ್ತೋಲೆಗಳಿಗೆ ಅದು ಉಪಯೋಗ. ಸರಕಾರದ ಮೇಲಿನ ಆರೋಪಕ್ಕೆ ಬೇರೆ ಮೂಲವನ್ನೂ ನೋಡುವುದು ನ್ಯಾಯ.

3. ಒಳಗಿರುವ ನಿಜದ ತುಂಡು ಎಷ್ಟು, ಅಳೆಯಿರಿ

"ಬೆಂಕಿ ಇಲ್ಲದೆ ಹೊಗೆ ಬರುತ್ತಾ?" ಅನ್ನುವವರಿಗೆ ಉತ್ತರ ಇಲ್ಲಿದೆ. ಕೆಲವೊಮ್ಮೆ ಬೆಂಕಿ ಇರುತ್ತದೆ. ಎಲ್ಲಿ, ಎಷ್ಟು ಅನ್ನುವುದು ಮುಖ್ಯ.

2024ರಲ್ಲಿ ಆಸ್ಟ್ರಾಜೆನೆಕಾ ಕಂಪನಿ ಬ್ರಿಟನ್ನಿನ ನ್ಯಾಯಾಲಯಕ್ಕೆ ಕೊಟ್ಟ ದಾಖಲೆಯಲ್ಲಿ, ತನ್ನ ಕೋವಿಡ್ ಲಸಿಕೆಯಿಂದ ತೀರಾ ಅಪರೂಪಕ್ಕೆ ಟಿಟಿಎಸ್ ಎಂಬ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಬಹುದು ಅಂತ ಒಪ್ಪಿಕೊಂಡಿದೆ ಎಂಬ ಸುದ್ದಿ ಬಂತು. ನಮ್ಮ ಕೋವಿಶೀಲ್ಡ್ ಅದೇ ಲಸಿಕೆ, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ್ದು. ಸುದ್ದಿ ನಿಜ. ಆದರೆ "ಗುಟ್ಟು ಈಗ ಬಯಲಾಯಿತು" ಅನ್ನುವುದು ನಿಜವಲ್ಲ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಈ ಅಡ್ಡಪರಿಣಾಮವನ್ನು 2021ರ ಏಪ್ರಿಲ್‌ನಲ್ಲೇ ಬಹಿರಂಗವಾಗಿ ಪ್ರಕಟಿಸಿತ್ತು. ಕೆಲವು ದೇಶಗಳು ಆಗಲೇ ಚಿಕ್ಕ ವಯಸ್ಸಿನವರಿಗೆ ಆ ಲಸಿಕೆ ಕೊಡುವುದನ್ನು ನಿಲ್ಲಿಸಿದ್ದವು.

ಟಿಟಿಎಸ್ ಅಂದರೆ ರಕ್ತ ಹೆಪ್ಪುಗಟ್ಟುವುದು ಮತ್ತು ಅದರ ಜೊತೆಗೇ ರಕ್ತದಲ್ಲಿ ಪ್ಲೇಟ್‌ಲೆಟ್ ಕಡಿಮೆಯಾಗುವುದು. ಅದು ಸಾಮಾನ್ಯವಾಗಿ ಲಸಿಕೆ ಪಡೆದ ಕೆಲವು ವಾರಗಳೊಳಗೆ ಕಾಣಿಸಿಕೊಳ್ಳುತ್ತದೆ. 2021ರಲ್ಲಿ ಲಸಿಕೆ ಪಡೆದವರಿಗೆ 2025ರಲ್ಲಿ ಆಗುವ ಹೃದಯಾಘಾತ ಬೇರೆಯದೇ ಕಾಯಿಲೆ. ಮೆಸೇಜು ಈ ಎರಡನ್ನೂ ಒಂದೇ ಸಾಲಿನಲ್ಲಿ ಹೊಲಿದುಬಿಡುತ್ತದೆ.

ನಿಜದ ತುಂಡನ್ನು ನಿರಾಕರಿಸಲೇಬೇಡಿ. "ಲಸಿಕೆಗೆ ಅಡ್ಡಪರಿಣಾಮವೇ ಇಲ್ಲ" ಅಂತ ನೀವು ಹೇಳಿದರೆ ನೀವೂ ಸುಳ್ಳು ಹೇಳಿದ ಹಾಗೆ. ಎದುರಿನವರಿಗೆ ಅದು ಗೊತ್ತಾದ ಮೇಲೆ ನಿಮ್ಮ ಉಳಿದ ಮಾತೂ ಬಿದ್ದುಹೋಗುತ್ತದೆ.

4. ಲೆಕ್ಕ ಹಾಕಿ

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹಂತ. ಜನ ಇದನ್ನು ಬಿಡುವುದೂ ಜಾಸ್ತಿ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಮಾಮೂಲಾಗಿ ಎಷ್ಟಾಗುತ್ತಿತ್ತು? ಇದಕ್ಕೆ ಬೇಸ್ ರೇಟ್ ಅನ್ನುತ್ತಾರೆ, ಅಂದರೆ ಯಾವ ವಿಶೇಷ ಕಾರಣವೂ ಇಲ್ಲದಿದ್ದಾಗ ಆಗುವ ಪ್ರಮಾಣ.

ಹಾಳೆ ತೆಗೆದುಕೊಳ್ಳಿ. 2011ರ ಜನಗಣತಿ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ ಸುಮಾರು 17.76 ಲಕ್ಷ. ವರ್ಷಕ್ಕೆ ಸಾವಿರ ಜನರಲ್ಲಿ ಆರರಿಂದ ಏಳು ಸಾವು ಅಂತ ಇಟ್ಟುಕೊಂಡರೆ, ಜಿಲ್ಲೆಯಲ್ಲಿ ವರ್ಷಕ್ಕೆ 11,000ದಷ್ಟು ಸಾವು. ನಮ್ಮ ದೇಶದ ಸಾವುಗಳಲ್ಲಿ ಸುಮಾರು ಕಾಲುಭಾಗ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ. ಅಂದರೆ ವರ್ಷಕ್ಕೆ 2,700ರ ಆಸುಪಾಸು, ದಿನಕ್ಕೆ ಏಳರ ಹತ್ತಿರ. 40 ದಿನಕ್ಕೆ ಮುನ್ನೂರರ ಆಸುಪಾಸು. ಸುದ್ದಿಯಲ್ಲಿ ಬಂದದ್ದು 20 ಚಿಲ್ಲರೆ.

ಇದು ಅಂದಾಜು ಲೆಕ್ಕ. ಎಲ್ಲ ವಯಸ್ಸಿನವರೂ ಇದರಲ್ಲಿ ಸೇರಿದ್ದಾರೆ, ಪಾರ್ಶ್ವವಾಯುವಿನಂಥ ಕಾಯಿಲೆಗಳೂ ಸೇರಿವೆ. ಹಾಗಾಗಿ "ಹರೆಯದವರು ಯಾಕೆ?" ಎಂಬ ಪ್ರಶ್ನೆಗೆ ಇದು ಉತ್ತರವಲ್ಲ. ಆದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪ್ರತಿ ದಿನ ಆಗುತ್ತಿದ್ದ ಸಾವುಗಳಲ್ಲಿ ಕೆಲವು ಇದ್ದಕ್ಕಿದ್ದಂತೆ ಸುದ್ದಿಯಾಗತೊಡಗಿದವು. ಸುದ್ದಿ ಹೆಚ್ಚಾದದ್ದನ್ನು ನಾವು ಸಾವು ಹೆಚ್ಚಾಗಿದೆ ಅಂತ ಓದಿಕೊಂಡೆವು.

ಇನ್ನು "ಎಲ್ಲರೂ ಲಸಿಕೆ ಹಾಕಿಸಿಕೊಂಡವರು" ಎಂಬ ಸಾಲು. ನಿಮ್ಮ ಬೀದಿಯ ದೊಡ್ಡವರಲ್ಲಿ ಲಸಿಕೆ ಹಾಕಿಸಿಕೊಳ್ಳದವರು ಎಷ್ಟು ಮಂದಿ? ಹೆಚ್ಚುಕಮ್ಮಿ ಎಲ್ಲರೂ ಹಾಕಿಸಿಕೊಂಡಿದ್ದಾರೆ ಅಲ್ವಾ? ಹಾಗಿದ್ದರೆ ಸತ್ತವರಲ್ಲೂ ಹೆಚ್ಚಿನವರು ಲಸಿಕೆ ಪಡೆದವರೇ ಆಗಿರುತ್ತಾರೆ. ಬೈಕ್ ಅಪಘಾತದಲ್ಲಿ ಸತ್ತವರೂ ಲಸಿಕೆ ಪಡೆದವರೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತ ಕಾಗೆಯ ಮೇಲೆ ಗೂಬೆ ಕೂರಿಸುವಂತಿಲ್ಲ. ಸತ್ತವರನ್ನು ಅದೇ ವಯಸ್ಸಿನ, ಅದೇ ಪ್ರದೇಶದ ಬದುಕಿರುವವರ ಜೊತೆ ಹೋಲಿಸಬೇಕು.

ಆ ಹೋಲಿಕೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮಾಡಿದೆ. 18ರಿಂದ 45 ವರ್ಷದೊಳಗಿನ, ಆರೋಗ್ಯವಾಗಿದ್ದು ಹಠಾತ್ ಸತ್ತ 729 ಮಂದಿಯನ್ನು 2,916 ಬದುಕಿರುವವರ ಜೊತೆ ಹೋಲಿಸಿತು. 2023ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಲಸಿಕೆಯಿಂದ ಅಪಾಯ ಹೆಚ್ಚಾಗಿಲ್ಲ. ಮನೆತನದಲ್ಲಿ ಹಠಾತ್ ಸಾವು ಆಗಿದ್ದವರಿಗೆ, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಿಗೆ, ಸಾವಿನ ಮುಂಚಿನ ಎರಡು ದಿನಗಳಲ್ಲಿ ವಿಪರೀತ ಕುಡಿದವರಿಗೆ ಅಥವಾ ಅತಿಯಾಗಿ ದೇಹ ದಂಡಿಸಿದವರಿಗೆ ಅಪಾಯ ಹೆಚ್ಚಿತ್ತು.

ಹಾಸನದ ವಿಷಯದಲ್ಲಿ 2025ರ ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಲಸಿಕೆಗೆ ತರಾತುರಿಯಲ್ಲಿ ಅನುಮತಿ ಕೊಟ್ಟದ್ದೂ ಕಾರಣವಿರಬಹುದು ಎಂದಿದ್ದರು. ಕೇಂದ್ರ ಆರೋಗ್ಯ ಸಚಿವಾಲಯ ಮರುದಿನವೇ ಅದನ್ನು ಅಲ್ಲಗಳೆಯಿತು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ರಾಜ್ಯದ ತಜ್ಞರ ಸಮಿತಿಯೂ ಲಸಿಕೆಗೂ ಹಠಾತ್ ಹೃದಯಾಘಾತಕ್ಕೂ ಸಂಬಂಧ ಕಂಡಿಲ್ಲ ಎಂದು ವರದಿ ಕೊಟ್ಟಿತು. ಸಮಿತಿಯ ಅಧ್ಯಯನದ ಭಾಗವಾಗಿ ಜಯದೇವದಲ್ಲಿ ನೋಡಿದ 251 ರೋಗಿಗಳಲ್ಲಿ 111 ಮಂದಿ ಸಿಗರೇಟು, ಬೀಡಿ ಸೇದುವವರು, 102 ಮಂದಿಗೆ ಬಿಪಿ ಇತ್ತು. ಬೇರೆ ಬೇರೆ ಪಕ್ಷದ ಎರಡು ಸರಕಾರಗಳ ಕೆಳಗೆ ಕೆಲಸ ಮಾಡುವ ತಜ್ಞರು ಒಂದೇ ಕಡೆ ಬಂದು ನಿಂತರು. ಇದನ್ನು ಗಮನಿಸಬೇಕು. ಪ್ರಶ್ನೆ ಕೇಳಿದ್ದು ಸರಿಯೇ. ಉತ್ತರ ಬಂದ ಮೇಲೂ ಹಳೆ ಮೆಸೇಜನ್ನೇ ಕಳಿಸುತ್ತಿರುವುದು ಸರಿಯಲ್ಲ.

5. ಎಷ್ಟು ಜನ ಬಾಯಿ ಮುಚ್ಚಿಕೊಂಡಿರಬೇಕು?

ಕಥೆ ನಿಜವಾಗಿದ್ದರೆ ಯಾರಿಗೆಲ್ಲ ಗೊತ್ತಿರಬೇಕು ಅಂತ ಪಟ್ಟಿ ಮಾಡಿ. ಚಂದ್ರನ ಮೇಲೆ ಮನುಷ್ಯರು ಇಳಿದದ್ದೇ ಸುಳ್ಳು ಅನ್ನುವವರ ಕಥೆ ನೋಡಿ. 1969ರಿಂದ 1972ರವರೆಗೆ ಅಮೆರಿಕದ 12 ಮಂದಿ ಚಂದ್ರನ ಮೇಲೆ ನಡೆದರು, 382 ಕಿಲೋ ಕಲ್ಲುಮಣ್ಣು ತಂದರು. ಅದರ ತುಣುಕುಗಳನ್ನು ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಲಕ್ಷಾಂತರ ಜನ ಆ ಯೋಜನೆಗೆ ದುಡಿದಿದ್ದರು. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಸೋವಿಯತ್ ರಷ್ಯಾ. ಅಮೆರಿಕದ ಸುಳ್ಳನ್ನು ಹಿಡಿಯಲು ಕಾಯುತ್ತಿದ್ದ ದೇಶ ಅದು, ಅದೂ ಸುಮ್ಮನಿತ್ತು. ನಮ್ಮ ಚಂದ್ರಯಾನ-2 ಆರ್ಬಿಟರ್ ಕೂಡ ಮೊದಲ ಸಲ ಮನುಷ್ಯರನ್ನು ಹೊತ್ತು ಅಪೋಲೊ 11 ಇಳಿದ ಜಾಗದ ಚಿತ್ರ ತೆಗೆದಿದೆ.

ಈಗ ನಿಜವಾದ ಸಂಚುಗಳಿಗೆ ಬನ್ನಿ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ 399 ಕಪ್ಪು ಜನಾಂಗದ ಗಂಡಸರಿಗೆ ಚಿಕಿತ್ಸೆ ಕೊಡದೆ ಸರಕಾರವೇ ಸುಮ್ಮನೆ ನೋಡುತ್ತಾ ಕೂತಿತ್ತು. ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಒಳಗಿದ್ದ ಒಬ್ಬ ನೌಕರ ಪತ್ರಕರ್ತರಿಗೆ ತಿಳಿಸಿದ ಮೇಲೆ ಅದು ನಿಂತಿತು. ಫೋಕ್ಸ್‌ವ್ಯಾಗನ್ ತನ್ನ ಡೀಸೆಲ್ ಕಾರುಗಳಲ್ಲಿ ಹೊಗೆ ಪರೀಕ್ಷೆಯನ್ನು ವಂಚಿಸುವ ಸಾಫ್ಟ್‌ವೇರ್ ಹಾಕಿತ್ತು. ಒಂದು ವಿಶ್ವವಿದ್ಯಾಲಯದ ಸಣ್ಣ ತಂಡ ಕಾರನ್ನು ರಸ್ತೆಯಲ್ಲೇ ಓಡಿಸಿ ಹೊಗೆ ಅಳೆದದ್ದರಿಂದ ಗುಮಾನಿ ಶುರುವಾಗಿ, 2015ರಲ್ಲಿ ಬಯಲಾಯಿತು.

ಇವಕ್ಕೂ ವಾಟ್ಸಾಪ್ ಕಥೆಗಳಿಗೂ ಇರುವ ವ್ಯತ್ಯಾಸ ನೋಡಿ. ಈ ನಿಜವಾದ ಸಂಚುಗಳ ಗುರಿ ಚಿಕ್ಕದು, ಲಾಭ ಯಾರಿಗೆಂದು ಸ್ಪಷ್ಟ. ಬಯಲಾದದ್ದು ದಾಖಲೆ, ಅಳತೆ, ಹೆಸರು ಹೇಳಿ ಮುಂದೆ ಬಂದ ಸಾಕ್ಷಿಯಿಂದ. ಟಸ್ಕೀಗಿಯದು 40 ವರ್ಷ ನಡೆಯಿತು ನಿಜ. ಅದಕ್ಕೇ "ಯಾವ ಗುಟ್ಟೂ ಉಳಿಯುವುದಿಲ್ಲ" ಅಂತ ನಾನು ಹೇಳುವುದಿಲ್ಲ. ಸಾವಿರಾರು ವೈದ್ಯರು, ಪರಸ್ಪರ ಜಗಳವಾಡುವ ದೇಶಗಳು, ಪೈಪೋಟಿಯ ಕಂಪನಿಗಳು ಎಲ್ಲರೂ ಸೇರಿ ಒಂದೇ ಗುಟ್ಟು ಕಾಯುತ್ತಿದ್ದಾರೆ ಅನ್ನುವುದು ಮಾತ್ರ ನಂಬಲು ಕಷ್ಟ.

6. ಏನು ತೋರಿಸಿದರೆ ಒಪ್ಪುತ್ತೀರಿ?

ಈ ಪ್ರಶ್ನೆಯನ್ನು ಮೊದಲು ನಿಮಗೇ ಕೇಳಿಕೊಳ್ಳಿ. "ಅಧ್ಯಯನ ತೋರಿಸಿ" ಅಂದವರಿಗೆ ತೋರಿಸಿದಾಗ "ಅವರನ್ನೂ ಕೊಂಡುಕೊಂಡಿದ್ದಾರೆ" ಅಂದರೆ, ಇನ್ನೊಂದು ಅಧ್ಯಯನಕ್ಕೂ ಅದೇ ಉತ್ತರ ಬರುತ್ತದೆ. ಪುರಾವೆ ಸಿಕ್ಕರೆ ಸಂಚಿಗೆ ಸಾಕ್ಷಿ, ಸಿಗದಿದ್ದರೆ ಮುಚ್ಚಿಟ್ಟಿದ್ದಕ್ಕೆ ಸಾಕ್ಷಿ. ಯಾವ ಕಾರಣಕ್ಕೂ ಸೋಲಲಾರದ ವಾದವನ್ನು ಪರೀಕ್ಷಿಸಲು ದಾರಿಯೇ ಇಲ್ಲ. ಅದು ಅದರ ಬಲವಲ್ಲ, ಕೊರತೆ.

7. ಮನೆಯವರ ಜೊತೆ ಮಾತಾಡುವಾಗ

ಗ್ರೂಪ್‌ನಲ್ಲಿ ಎಲ್ಲರ ಎದುರು "ಇದು ಫೇಕ್" ಅಂತ ಹಾಕಬೇಡಿ. ಹಿರಿಯರಿಗೆ ಅವಮಾನ ಆದರೆ ಮಾತು ಅಲ್ಲಿಗೇ ಮುಗಿಯಿತು. ಪ್ರತ್ಯೇಕವಾಗಿ ಫೋನ್ ಮಾಡಿ. ಹೀಗೆ ಶುರು ಮಾಡಬಹುದು: "ಚಿಕ್ಕಪ್ಪ, ನೀವು ಕಳಿಸಿದ್ದು ನೋಡಿದೆ. ಹಾಸನದ ಸುದ್ದಿ ಕೇಳಿ ನನಗೂ ಭಯ ಆಗಿತ್ತು. ಅದಕ್ಕೇ ಸ್ವಲ್ಪ ಹುಡುಕಿದೆ. ಜಯದೇವದವರು ಏನು ಹೇಳಿದ್ದಾರೆ ಗೊತ್ತಾ?" ಭಯವನ್ನು ಒಪ್ಪಿಕೊಳ್ಳಿ, ಕಥೆಯನ್ನು ಪ್ರಶ್ನಿಸಿ.

ಅವರಿಗೆ ನಿಜವಾಗಿ ಕಾಡುತ್ತಿರುವ ಅಂಶ ಯಾವುದು ಅಂತ ಕೇಳಿ ತಿಳಿದುಕೊಂಡು, ಅದಕ್ಕೇ ಉತ್ತರ ಕೊಡಿ. 2024ರಲ್ಲಿ ಅಮೆರಿಕದ ಸಂಶೋಧಕರು 2,190 ಜನರ ಮೇಲೆ ಒಂದು ಪ್ರಯೋಗ ಮಾಡಿದರು. ಪ್ರತಿಯೊಬ್ಬರೂ ಕೊಟ್ಟ ಕಾರಣಗಳಿಗೆ ಎಐ ಚಾಟ್‌ಬಾಟ್ ಒಂದೊಂದಾಗಿ ಪುರಾವೆ ಸಮೇತ ಉತ್ತರಿಸಿತು. ಅವರ ನಂಬಿಕೆಯ ಬಲ ಸರಾಸರಿ 20 ಶೇಕಡಾ ಇಳಿಯಿತು, ಎರಡು ತಿಂಗಳ ನಂತರವೂ ಹಾಗೇ ಇತ್ತು. "ಇವರಿಗೆ ಹೇಳಿ ಪ್ರಯೋಜನವಿಲ್ಲ" ಅನ್ನುವ ನಿರಾಸೆ ಬೇಡ ಅನ್ನುವುದಕ್ಕೆ ಇದೊಂದು ಆಧಾರ. ಹಾಗೆಯೇ, ಒಂದೇ ಮಾತಿಗೆ ಪೂರ್ತಿ ಬದಲಾಗುತ್ತಾರೆ ಅನ್ನುವ ನಿರೀಕ್ಷೆಯೂ ಬೇಡ.

ನಿಮ್ಮ ಉತ್ತರದಲ್ಲಿ ಮೊದಲು ನಿಜವನ್ನು ಹೇಳಿ. ಸುಳ್ಳನ್ನು ಒಂದು ಸಲ ಮಾತ್ರ ಉಲ್ಲೇಖಿಸಿ. ಸುಳ್ಳಿನ ಪೋಸ್ಟರನ್ನೇ ಮತ್ತೆ ಕಳಿಸಿ ಕೆಳಗೆ "ಇದು ತಪ್ಪು" ಅಂತ ಬರೆದರೆ ಜನರ ನೆನಪಲ್ಲಿ ಉಳಿಯುವುದು ಪೋಸ್ಟರು.

ಆರೋಗ್ಯದ ವಿಷಯವಾದರೆ ವಾದ ಗೆಲ್ಲುವುದಕ್ಕಿಂತ ತಪಾಸಣೆ ಮುಖ್ಯ. ಎದೆನೋವು, ಎಡಗೈ ಸೆಳೆತ, ಏದುಸಿರು, ಬೆವರು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಲ್ಲದಕ್ಕೂ ಲಸಿಕೆಯನ್ನೇ ದೂರುವವರು ಬಿಪಿ, ಶುಗರ್ ಪರೀಕ್ಷೆ ಮಾಡಿಸದೆ ಬೀಡಿಯನ್ನೂ ಬಿಡದೆ ಇರುತ್ತಾರೆ. ನನಗೆ ಇದರಲ್ಲಿ ಅತಿ ಹೆಚ್ಚು ನೋವು ಕೊಡುವುದು ಅದೇ.

8. ಯಾರ ಮೇಲಾದರೂ ಕೈ ಮಾಡುವ ಅಪಾಯವಿದ್ದರೆ

ಆಗ ಮೇಲಿನ ಯಾವ ಹಂತಕ್ಕೂ ಕಾಯಬೇಡಿ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅದೇ ವದಂತಿಯಿಂದ ಜನ ಹೊಡೆದು ಹೈದರಾಬಾದಿನ ಎಂಜಿನಿಯರ್ ಒಬ್ಬ ಸತ್ತ. ಅವನೂ ಅವನ ಗೆಳೆಯರೂ ಇದ್ದ ಗುಂಪು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತ್ತು, ಅಷ್ಟೇ. ಅವರು ಕಾರಿನಲ್ಲಿ ಬರುವ ಮೊದಲೇ ವಾಟ್ಸಾಪ್‌ನಲ್ಲಿ ಸುದ್ದಿ ಮುಂದಿನ ಊರು ತಲುಪಿತ್ತು.

ನಿಮ್ಮ ಊರಿನ, ಬಡಾವಣೆಯ ಗ್ರೂಪ್‌ನಲ್ಲಿ ಅಪರಿಚಿತರ ಫೋಟೊ, ಗಾಡಿ ನಂಬರ್ ಹಾಕಿ "ಹಿಡಿಯಿರಿ" ಅಂತ ಬಂದರೆ ಮೊದಲು 112ಕ್ಕೆ ಕರೆ ಮಾಡಿ ಜಾಗ ತಿಳಿಸಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಪೊಲೀಸರಿಗೆ ಬೇಕಾಗುತ್ತದೆ. ಗ್ರೂಪ್ ಅಡ್ಮಿನ್‌ಗೆ ಫೋನ್ ಮಾಡಿ ಅದನ್ನು ಡಿಲೀಟ್ ಮಾಡಿಸಿ. "ಪೊಲೀಸರಿಗೆ ತಿಳಿಸಿದ್ದೇನೆ, ಅವರು ಬರುತ್ತಿದ್ದಾರೆ, ಯಾರೂ ಕೈ ಮಾಡಬೇಡಿ" ಅಂತ ಒಂದು ಸಾಲನ್ನು ನಿಮ್ಮ ಹೆಸರಿನಲ್ಲಿ ಅದೇ ಗ್ರೂಪ್‌ಗೆ ಹಾಕಿ.